ಆಫೀಸಿನ ಕಂಪ್ಯೂಟರಿನಲ್ಲಿ ಕ್ರ್ಯಾಕ್ ಸಾಫ್ಟ್‌ವೇರ್: ಕಾನೂನು ಎಲ್ಲಿ ಹಿಡಿಯುತ್ತದೆ, ಹೊರಬರುವುದು ಹೇಗೆ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ನಿಮ್ಮೂರಿನ ಬಸ್ ಸ್ಟ್ಯಾಂಡ್ ಹಿಂದಿನ ಅಂಗಡಿಯಲ್ಲೋ ಜೋಡಿಸಿದ ಕಂಪ್ಯೂಟರ್ ಆಫೀಸಿಗೆ ಬರುವಾಗ ಅದರ ಜೊತೆ ಒಂದು ಮಾತೂ ಬರುತ್ತದೆ: "ಎಲ್ಲಾ ಹಾಕ್ಕೊಟ್ಟಿದೀನಿ ಸಾರ್. ಆಫೀಸು, ಫೋಟೋಶಾಪು, ಕೋರಲ್ಲು, ಎಲ್ಲಾ ಫುಲ್ ವರ್ಷನ್." ಬಿಲ್ಲಿನಲ್ಲಿ ಮಾತ್ರ ಒಂದೇ ಸಾಲು: ಕಂಪ್ಯೂಟರ್ ಸೆಟ್, 1. ಹೀಗೆ ಲೈಸೆನ್ಸ್ ಕೊಳ್ಳದೆ, ಸಾಫ್ಟ್‌ವೇರಿನ ಲಾಕ್ ಮುರಿದು ಹಾಕಿದ ಪ್ರತಿಯನ್ನೇ ಕ್ರ್ಯಾಕ್ ಎನ್ನುವುದು.

ಡಿಟಿಪಿ ಸೆಂಟರ್, ಫೋಟೊ ಸ್ಟುಡಿಯೊ, ಲೆಕ್ಕಪತ್ರದ ಆಫೀಸು, ಸಿವಿಲ್ ಎಂಜಿನಿಯರರ ಕಚೇರಿ, ಹತ್ತು ಹದಿನೈದು ಜನರ ಸ್ಟಾರ್ಟಪ್ಪು, ಎಲ್ಲ ಕಡೆಯೂ ಇದೇ ಕಥೆ. ಸಾಫ್ಟ್‌ವೇರ್ ಕಂಪನಿಗಳ ಸಂಘಟನೆಯಾದ ಬಿಎಸ್‌ಎ 2018ರಲ್ಲಿ ಹೊರತಂದ ಸಮೀಕ್ಷೆಯ ಪ್ರಕಾರ, 2017ರಲ್ಲಿ ಭಾರತದ ಪಿಸಿಗಳಲ್ಲಿದ್ದ ಸಾಫ್ಟ್‌ವೇರಿನಲ್ಲಿ ಶೇ. 56ರಷ್ಟು ಲೈಸೆನ್ಸ್ ಇಲ್ಲದ್ದು. ಮಾರುವವರೇ ಮಾಡಿಸಿದ ಲೆಕ್ಕ, ಸ್ವಲ್ಪ ಹೆಚ್ಚು ಕಡಿಮೆ ಇರಬಹುದು. ಆದರೆ ನಮ್ಮ ಸುತ್ತಮುತ್ತ ನೋಡಿದರೆ ನಂಬದಿರಲು ಕಾರಣವೂ ಕಾಣುವುದಿಲ್ಲ.

"ಎಲ್ಲರೂ ಬಳಸ್ತಾರೆ, ಯಾರನ್ನು ಹಿಡೀತಾರೆ" ಎಂಬ ಧೈರ್ಯ ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ನಿಲ್ಲುತ್ತದೆ, ಅದರಿಂದ ಹೊರಬರಲು ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಎಂಬುದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ನೋಟಿಸು ಈಗಾಗಲೇ ಕೈಗೆ ಬಂದಿದ್ದರೆ ನೇರವಾಗಿ ಏಳನೇ ಹಂತಕ್ಕೆ ಹೋಗಿ. ಅಂಥವರು ಮಧ್ಯದ ಹಂತಗಳನ್ನು ಈಗ ಮಾಡಲೇಬಾರದು. ಏಕೆಂದು ಅಲ್ಲೇ ಹೇಳಿದೆ.

1. ಕಾನೂನು ಯಾವುದನ್ನು ಅಪರಾಧ ಎನ್ನುತ್ತದೆ, ಮೊದಲು ಅದನ್ನು ತಿಳಿಯಿರಿ

"ನಾನು ಕಾಪಿ ಮಾಡಿ ಮಾರಿಲ್ಲ, ಬರೀ ಬಳಸಿದೀನಿ." ಈ ಸಮಜಾಯಿಷಿ ಕೇಳದವರಿಲ್ಲ. ಇದು ನಿಲ್ಲುವುದಿಲ್ಲ.

ನಮ್ಮಲ್ಲಿ ಕಂಪ್ಯೂಟರ್ ಪ್ರೋಗ್ರಾಮಿಗೆ ರಕ್ಷಣೆ ಇರುವುದು 1957ರ ಕೃತಿಸ್ವಾಮ್ಯ ಕಾಯ್ದೆಯಡಿ. ಕಥೆ, ಕವಿತೆಯಂತೆ ಪ್ರೋಗ್ರಾಮನ್ನೂ ಈ ಕಾಯ್ದೆ 'ಸಾಹಿತ್ಯ ಕೃತಿ'ಯ ಗುಂಪಿಗೇ ಸೇರಿಸಿದೆ. 1994ರ ತಿದ್ದುಪಡಿಯಲ್ಲಿ 63ಬಿ ಎಂಬ ಕಲಂ ಬಂತು. ಅನಧಿಕೃತ ಪ್ರತಿ ಎಂದು ಗೊತ್ತಿದ್ದೂ ಅದನ್ನು ಕಂಪ್ಯೂಟರಿನಲ್ಲಿ ಬಳಸುವುದೇ ಅಪರಾಧ ಎನ್ನುತ್ತದೆ ಅದು. ಶಿಕ್ಷೆ ಕನಿಷ್ಠ 7 ದಿನ, ಗರಿಷ್ಠ 3 ವರ್ಷ ಜೈಲು. ಜೊತೆಗೆ 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ. ಲಾಭಕ್ಕಾಗಿ ಅಥವಾ ವ್ಯಾಪಾರದ ಭಾಗವಾಗಿ ಬಳಸಿಲ್ಲವೆಂದಾದರೆ, ತಕ್ಕ ಕಾರಣ ಬರೆದು ಜೈಲುಶಿಕ್ಷೆ ಬಿಡುವ ಅವಕಾಶ ನ್ಯಾಯಾಧೀಶರಿಗಿದೆ. ಮನೆಯಲ್ಲಿ ಆಟಕ್ಕೆ ಬಳಸಿದವನು ಈ ಮಾತು ಹೇಳಿಕೊಳ್ಳಬಹುದು. ಗಿರಾಕಿಗೆ ಮದುವೆ ಪತ್ರಿಕೆ ಮಾಡಿಕೊಟ್ಟು ದುಡ್ಡು ಪಡೆದ ಡಿಟಿಪಿ ಸೆಂಟರ್ ಹೇಳಿಕೊಳ್ಳಲಾಗದು.

ಒಂದು ಪ್ರತಿ ತಂದು ಐದು ಯಂತ್ರಕ್ಕೆ ಹಾಕಿದರೆ ಅದು ನಕಲು ಮಾಡಿದಂತೆ, 63ನೇ ಕಲಮಿಗೆ ಹೋಗುತ್ತದೆ: ಕನಿಷ್ಠ 6 ತಿಂಗಳು, ಗರಿಷ್ಠ 3 ವರ್ಷ, ದಂಡ ಮೇಲಿನಷ್ಟೇ. ಎರಡನೇ ಸಲ ಸಿಕ್ಕಿಬಿದ್ದರೆ 63ಎ ಪ್ರಕಾರ ಕನಿಷ್ಠ ಶಿಕ್ಷೆಯೇ ಒಂದು ವರ್ಷ, ಕನಿಷ್ಠ ದಂಡ 1 ಲಕ್ಷ. ನಕಲು ಮಾಡುವ ಉದ್ದೇಶದಿಂದಲೇ ಲಾಕ್ ಮುರಿಯುವವರಿಗೆ 2012ರಲ್ಲಿ ಸೇರಿದ 65ಎ ಬೇರೆಯೇ ಇದೆ, 2 ವರ್ಷದವರೆಗೆ.

2022ರ ಮೇ ತಿಂಗಳಲ್ಲಿ ನಿಟ್ ಪ್ರೊ ಇಂಟರ್‌ನ್ಯಾಷನಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 63ನೇ ಕಲಮಿನ ಅಪರಾಧ ಸಂಜ್ಞೇಯ, ಜಾಮೀನುರಹಿತ ಎಂದು ತೀರ್ಪು ಕೊಟ್ಟಿತು. ಅಂದರೆ ಪೊಲೀಸರು ಮ್ಯಾಜಿಸ್ಟ್ರೇಟರ ಅಪ್ಪಣೆಗೆ ಕಾಯದೆ ಎಫ್‌ಐಆರ್ ಹಾಕಿ ತನಿಖೆ ನಡೆಸಬಹುದು. ಜಾಮೀನು ಠಾಣೆಯಲ್ಲಿ ಹಕ್ಕಾಗಿ ಸಿಗುವುದಿಲ್ಲ, ಕೋರ್ಟಿನಲ್ಲಿ ಕೇಳಬೇಕು. 63ಬಿ ಕಲಮಿನ ಮೇಲ್ಮಿತಿಯೂ ಅದೇ ಮೂರು ವರ್ಷವಾದ್ದರಿಂದ ಅಲ್ಲಿಗೂ ಇದೇ ತರ್ಕ ಎಳೆಯುವುದು ಕಷ್ಟವಲ್ಲ. 64ನೇ ಕಲಮಿನಡಿ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ವಾರಂಟ್ ಇಲ್ಲದೆ ಅನಧಿಕೃತ ಪ್ರತಿಗಳನ್ನು ಜಪ್ತಿ ಮಾಡಬಹುದು. ಪ್ರತಿ ಇರುವುದು ಹಾರ್ಡ್‌ಡಿಸ್ಕಿನಲ್ಲಿ. ಅದೇ ಡಿಸ್ಕಿನಲ್ಲಿ ನಾಳೆ ಪ್ರೆಸ್ಸಿಗೆ ಹೋಗಬೇಕಾದ ಪುಸ್ತಕವೂ ಇರುತ್ತದೆ, ಗಿರಾಕಿಗಳ ಜಿಎಸ್‌ಟಿ ರಿಟರ್ನ್ಸೂ ಇರುತ್ತದೆ. ಎಷ್ಟೋ ಸಣ್ಣ ಆಫೀಸುಗಳಿಗೆ ದಂಡಕ್ಕಿಂತ ಇದೇ ದೊಡ್ಡ ಹೊಡೆತ. ವಾಪಸು ಬೇಕೆಂದರೆ 15 ದಿನದೊಳಗೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬೇಕು.

ಇನ್ನೊಂದು ವಿಷಯ ಕರ್ನಾಟಕದ್ದೇ. ಗೂಂಡಾ ಕಾಯ್ದೆ ಎಂದು ನಾವು ಕರೆಯುವ 1985ರ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ತಂದು 'ಡಿಜಿಟಲ್ ಅಪರಾಧಿ' ಎಂಬ ವರ್ಗ ಸೇರಿಸಿದರು. ವಾಣಿಜ್ಯ ಉದ್ದೇಶಕ್ಕೆ ಬೇಕೆಂದೇ ಕೃತಿಸ್ವಾಮ್ಯ ಮುರಿಯುವವರು ಅದರಲ್ಲಿ ಬರುತ್ತಾರೆ, ಸಿನಿಮಾ, ಸಂಗೀತದ ಜೊತೆ ಸಾಫ್ಟ್‌ವೇರ್ ಎಂಬ ಪದವೂ ಅಲ್ಲಿದೆ. ಮುಂಜಾಗ್ರತಾ ಬಂಧನದ ಕಾಯ್ದೆ ಇದು. ಟೈಪಿಂಗ್ ಅಂಗಡಿಯವರ ಮೇಲೆ ಇದನ್ನು ಹಾಕುತ್ತಾರೆಂದು ಹೆದರಿಸುವುದು ಅತಿಯಾಯಿತು. ಆದರೆ ಕ್ರ್ಯಾಕ್ ಹಾಕಿಕೊಡುವುದನ್ನೇ ಕಸುಬು ಮಾಡಿಕೊಂಡ ಸರ್ವಿಸ್ ಸೆಂಟರಿನವರು ಆ ಪದಗಳನ್ನು ಒಮ್ಮೆ ಓದುವುದು ಒಳ್ಳೆಯದು.

ಇಷ್ಟು ಕ್ರಿಮಿನಲ್ ಬದಿ. ಹೆಚ್ಚಿನ ಪ್ರಕರಣಗಳು ಓಡುವುದು ಸಿವಿಲ್ ಬದಿಯಲ್ಲಿ. 55ನೇ ಕಲಮಿನಡಿ ಕಂಪನಿ ತಡೆಯಾಜ್ಞೆ, ನಷ್ಟ ಪರಿಹಾರ, ನೀವು ಗಳಿಸಿದ ಲಾಭದ ಲೆಕ್ಕ ಎಲ್ಲವನ್ನೂ ಕೇಳಬಹುದು. ದಾವೆಯನ್ನು ಎಲ್ಲಿ ಹೂಡಬಹುದೆಂಬ ವಿಷಯದಲ್ಲೂ 62ನೇ ಕಲಂ ಹಕ್ಕುದಾರರಿಗೆ ಹೆಚ್ಚು ಅನುಕೂಲ ಕೊಟ್ಟಿದೆ. ಹೀಗಾಗಿ ಸಾಫ್ಟ್‌ವೇರ್ ದಾವೆಗಳಲ್ಲಿ ಬಹಳಷ್ಟು ದೆಹಲಿ ಹೈಕೋರ್ಟಿನಲ್ಲೇ ನಡೆದಿವೆ. ಹುಬ್ಬಳ್ಳಿಯವರಿಗೆ ದೆಹಲಿಗೆ ವಕೀಲರನ್ನು ಹುಡುಕುವ ಖರ್ಚೇ ಲೈಸೆನ್ಸಿನ ಬೆಲೆಯನ್ನು ಮೀರಬಹುದು.

ಯಾರ ಮೇಲೆ ಕೇಸು? 69ನೇ ಕಲಂ ಸ್ಪಷ್ಟ: ಕಂಪನಿಯ ಜೊತೆ, ಆ ಹೊತ್ತಿನಲ್ಲಿ ವ್ಯವಹಾರದ ಉಸ್ತುವಾರಿ ಇದ್ದ ಪ್ರತಿಯೊಬ್ಬರೂ ಹೊಣೆ. ಪಾಲುದಾರಿಕೆ ಸಂಸ್ಥೆಗೂ ಇದು ಅನ್ವಯ. "ನನಗೆ ಗೊತ್ತಿರಲಿಲ್ಲ" ಎಂದೋ "ನಾನು ಎಲ್ಲ ಎಚ್ಚರಿಕೆ ವಹಿಸಿದ್ದೆ" ಎಂದೋ ಸಾಬೀತು ಮಾಡಿದರೆ ಮಾತ್ರ ಪಾರು. ಎಚ್ಚರಿಕೆ ವಹಿಸಿದ್ದಕ್ಕೆ ಸಾಕ್ಷಿ ಏನು? ಮುಂದಿನ ಹಂತಗಳೆಲ್ಲ ಅದಕ್ಕೇ. ಪರದೆಯ ಮೇಲೆ ಸಾಫ್ಟ್‌ವೇರ್ ಓಡುತ್ತಿರುವುದು ಏನನ್ನೂ ಸಾಬೀತು ಮಾಡುವುದಿಲ್ಲ. ಕೋರ್ಟು ಕೇಳುವುದು ಕಾಗದ.

2. ಪ್ರತಿ ಯಂತ್ರದ ಮುಂದೆ ಕೂತು ಪಟ್ಟಿ ಮಾಡಿ

ಇದನ್ನು ಸರ್ವಿಸ್ ಹುಡುಗನಿಗೆ ಒಪ್ಪಿಸಬೇಡಿ. ಅದನ್ನೆಲ್ಲ ಹಾಕಿದವನು ಅವನೇ ಇರಬಹುದು.

ಒಂದು ಎಕ್ಸೆಲ್ ಹಾಳೆ ಸಾಕು. ಎಕ್ಸೆಲ್ಲೇ ಕ್ರ್ಯಾಕ್ ಆಗಿದ್ದರೆ ನೋಟ್‌ಬುಕ್ಕು. ಒಂದು ಸಾಲು ಹೀಗಿರಲಿ: ಮುಂದಿನ ಕೌಂಟರ್ ಪಿಸಿ, 2019ರಲ್ಲಿ ಅಸೆಂಬಲ್ ಮಾಡಿಸಿದ್ದು, ವಿಂಡೋಸ್ 10 ಪ್ರೊ, ಬಿಲ್ಲಿನಲ್ಲಿ ನಮೂದಿಲ್ಲ, ಕೂರುವವರು ಟೈಪಿಂಗ್ ಮೇಡಂ. ಹೀಗೆ ಪ್ರತಿ ಸಾಫ್ಟ್‌ವೇರಿಗೂ ಒಂದೊಂದು ಸಾಲು. ಹೆಸರು, ಆವೃತ್ತಿ, ಯಾರು ಬಳಸುತ್ತಾರೆ, ಎಷ್ಟು ಬಳಸುತ್ತಾರೆ. ಕೊನೆಯ ಕಾಲಂ ಮುಖ್ಯ, ಹಣ ಉಳಿಯುವುದು ಅಲ್ಲಿ.

ಕ್ರ್ಯಾಕ್ ಆಗಿದೆಯೋ ಇಲ್ಲವೋ ಎಂಬುದಕ್ಕೆ ಕೆಲವು ಗುರುತುಗಳಿವೆ. ವಿಂಡೋಸ್ ಕೀಲಿ ಮತ್ತು ಆರ್ ಒಟ್ಟಿಗೆ ಒತ್ತಿ, ಬಂದ ಪೆಟ್ಟಿಗೆಯಲ್ಲಿ ಎಸ್‌ಎಲ್‌ಎಂಜಿಆರ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಿ, ಒಂದು ಸ್ಪೇಸ್, ಒಂದು ಸ್ಲಾಶ್, ಆಮೇಲೆ ಎಕ್ಸ್‌ಪಿಆರ್ ಹಾಕಿ ಎಂಟರ್ ಕೊಡಿ. ವಿಂಡೋಸ್ ಇಂಥ ತಾರೀಖಿಗೆ ಮುಗಿಯುತ್ತದೆ ಎಂದು ಬಂದು, ಆ ತಾರೀಖು 180 ದಿನದೊಳಗಿದ್ದರೆ ಅದು ಕೆಎಂಎಸ್ ಎಂಬ ವಿಧಾನದಲ್ಲಿ ಆಕ್ಟಿವೇಟ್ ಆಗಿರುವ ಸಾಧ್ಯತೆ ಹೆಚ್ಚು. ಕೆಎಂಎಸ್ ಇರುವುದು ದೊಡ್ಡ ಸಂಸ್ಥೆಗಳಿಗೆ. ಕನಿಷ್ಠ 25 ಕಂಪ್ಯೂಟರುಗಳಿಲ್ಲದೆ ವಿಂಡೋಸಿಗೆ ಅದು ಕೆಲಸವನ್ನೇ ಮಾಡುವುದಿಲ್ಲ. ಮೂರು ಪಿಸಿಗಳ ಆಫೀಸಿನಲ್ಲಿ ಅದು ಕಂಡರೆ ಹೇಗೆ ಬಂತೆಂದು ಬಿಡಿಸಿ ಹೇಳಬೇಕಾಗಿಲ್ಲ. ಹಾಗೆಂದು 'ಪರ್ಮನೆಂಟ್' ಎಂದು ಬಂದ ಮಾತ್ರಕ್ಕೆ ಅಸಲಿ ಎಂದುಕೊಳ್ಳಬೇಡಿ, ಹಾಗೆ ತೋರಿಸುವ ಕ್ರ್ಯಾಕುಗಳೂ ಇವೆ.

ಇನ್ನೊಂದು ಜಾಗ ಆಂಟಿವೈರಸ್ಸಿನ ಎಕ್ಸ್‌ಕ್ಲೂಷನ್ಸ್ ಪಟ್ಟಿ. ಕ್ರ್ಯಾಕ್ ಹಾಕುವವರು ಮೊದಲು ಮಾಡುವ ಕೆಲಸವೇ ಆ ಫೋಲ್ಡರನ್ನು ಆಂಟಿವೈರಸ್ ನೋಡದಂತೆ ಮಾಡುವುದು. ಅಲ್ಲಿ ಯಾವುದಾದರೂ ಫೋಲ್ಡರಿನ ಹೆಸರಿದ್ದರೆ ಅದೇ ಸುಳಿವು. ಮೂರನೆಯದು ಹೋಸ್ಟ್ಸ್ ಎಂಬ ಪುಟ್ಟ ಫೈಲು, ಸಿಸ್ಟಮ್32 ಒಳಗಿನ ಡ್ರೈವರ್ಸ್ ಫೋಲ್ಡರಿನಲ್ಲಿ ಇಟಿಸಿ ಎಂಬಲ್ಲಿ ಇರುತ್ತದೆ. ನೋಟ್‌ಪ್ಯಾಡಿನಲ್ಲಿ ತೆರೆದಾಗ 127.0.0.1 ಎಂದು ಶುರುವಾಗುವ ಸಾಲುಗಳ ಮುಂದೆ ಸಾಫ್ಟ್‌ವೇರ್ ಕಂಪನಿಯ ಆಕ್ಟಿವೇಶನ್ ವಿಳಾಸಗಳಿದ್ದರೆ, ಸಾಫ್ಟ್‌ವೇರು ತನ್ನ ಕಂಪನಿಗೆ ಸುದ್ದಿ ಮುಟ್ಟಿಸದಂತೆ ಯಾರೋ ಬಾಯಿ ಕಟ್ಟಿದ್ದಾರೆ ಎಂದರ್ಥ.

ಬಾಯಿ ಕಟ್ಟಿದ್ದು ಯಾವಾಗಲೂ ಉಳಿಯುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಹಲವು ದುಬಾರಿ ಸಾಫ್ಟ್‌ವೇರುಗಳು ಯಂತ್ರದ ಗುರುತು, ಐಪಿ ವಿಳಾಸ, ಬಳಸುವವರ ಇಮೇಲಿನ ಡೊಮೈನು ಇಂಥವನ್ನು ಕಂಪನಿಗೆ ಕಳಿಸುತ್ತವೆ. "ಅವರಿಗೆ ಹೇಗೆ ಗೊತ್ತಾಯ್ತು" ಎಂಬ ಪ್ರಶ್ನೆಗೆ ಒಂದು ಉತ್ತರ ಇದು. ಇನ್ನೊಂದು ಉತ್ತರ, ಸಂಬಳ ಬಾಕಿ ಉಳಿಸಿ ಕಳಿಸಿದ ಹಳೆಯ ನೌಕರ. ಬಿಎಸ್‌ಎಯಂಥ ಸಂಘಟನೆಗಳು ಇಂಥ ದೂರು ಸ್ವೀಕರಿಸುವ ಏರ್ಪಾಡನ್ನೇ ಇಟ್ಟುಕೊಂಡಿವೆ.

3. ಪಟ್ಟಿಯ ಪಕ್ಕ ಕಾಗದ ಇಡಿ

ಈಗ ಪ್ರತಿ ಸಾಲಿಗೂ ಕಾಗದ ಹುಡುಕಿ: ಸಂಸ್ಥೆಯ ಹೆಸರು, ಜಿಎಸ್‌ಟಿ ನಂಬರ್ ಇರುವ ಇನ್‌ವಾಯ್ಸ್, ಲೈಸೆನ್ಸ್ ಬಂದ ಇಮೇಲ್, ಚಂದಾ ಖಾತೆಯ ಪುಟ. ಬ್ರಾಂಡೆಡ್ ಲ್ಯಾಪ್‌ಟಾಪಿನ ಜೊತೆ ಬಂದ ವಿಂಡೋಸಿಗೆ ಆ ಲ್ಯಾಪ್‌ಟಾಪಿನ ಬಿಲ್ಲೇ ದಾಖಲೆ. ಆದರೆ ಆ ಲೈಸೆನ್ಸು ಆ ಯಂತ್ರಕ್ಕೇ ಅಂಟಿದ್ದು, ಯಂತ್ರ ಗುಜರಿಗೆ ಹೋದರೆ ಲೈಸೆನ್ಸೂ ಹೋಯಿತು.

ಪೂರ್ತಿ ಕ್ರ್ಯಾಕ್ ಅಲ್ಲದೆಯೂ ತಪ್ಪಾಗಿರುವ ಸಾಲುಗಳು ಇಲ್ಲಿ ಸಿಗುತ್ತವೆ. ಹೆಚ್ಚಿನವರು ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಕಂಟ್ರಾಕ್ಟರ್ ಆಫೀಸು. ಮಗ ಎಂಜಿನಿಯರಿಂಗ್ ಓದುತ್ತಿದ್ದಾನೆ, ಕಾಲೇಜಿನ ಇಮೇಲಿನಿಂದ ಆಟೋಕ್ಯಾಡ್ ಉಚಿತವಾಗಿ ಸಿಕ್ಕಿದೆ. ಅದೇ ಲ್ಯಾಪ್‌ಟಾಪಿನಲ್ಲಿ ಅಪ್ಪನ ಪ್ಲಾನುಗಳು ತಯಾರಾಗುತ್ತಿವೆ. ಸಾಫ್ಟ್‌ವೇರ್ ಅಸಲಿ, ಬಳಕೆ ಅಕ್ರಮ. ಆ ಲೈಸೆನ್ಸು ಕಲಿಕೆಗೆ ಮಾತ್ರ. ಹಿಂದಿನ ಆವೃತ್ತಿಗಳಲ್ಲಂತೂ ಪ್ರಿಂಟ್ ತೆಗೆದರೆ ನಕ್ಷೆಯ ಅಂಚಿನಲ್ಲೇ ಇದು ಶೈಕ್ಷಣಿಕ ಪ್ರತಿಯಿಂದ ಬಂದದ್ದೆಂದು ಅಚ್ಚಾಗುತ್ತಿತ್ತು.

'ಹೋಮ್ ಅಂಡ್ ಸ್ಟೂಡೆಂಟ್' ಎಂದು ಬರೆದ ಮೈಕ್ರೋಸಾಫ್ಟ್ ಆಫೀಸು ಹೆಸರೇ ಹೇಳುವಂತೆ ವ್ಯಾಪಾರಕ್ಕಲ್ಲ. ದೂರದಿಂದಲೇ ಇನ್ನೊಂದು ಯಂತ್ರ ನಡೆಸುವ ಎನಿಡೆಸ್ಕ್, ಟೀಮ್‌ವ್ಯೂವರ್ ಉಚಿತವಾಗಿರುವುದು ಸ್ವಂತ ಬಳಕೆಗೆ. ಆಫೀಸಿನಿಂದ ಗಿರಾಕಿಯ ಯಂತ್ರ ರಿಪೇರಿ ಮಾಡಲು ಅಲ್ಲ. ಫೈಲು ಕುಗ್ಗಿಸುವ ವಿನ್‌ರಾರ್ ಬಗ್ಗೆ ನಗಬೇಡಿ, 40 ದಿನದ ಟ್ರಯಲ್ ಮುಗಿದ ಮೇಲೂ ಓಡುತ್ತದೆ ಎಂದ ಮಾತ್ರಕ್ಕೆ ಉಚಿತವಾಗಲಿಲ್ಲ. ಅದರ ಬದಲು 7-ಜಿಪ್ ಹಾಕಿದರೆ ಆ ಸಾಲೇ ಮುಗಿಯಿತು. ಸ್ಟಾರ್ಟಪ್ಪುಗಳು ವರ್ಚುವಲ್‌ಬಾಕ್ಸ್ ಎಕ್ಸ್‌ಟೆನ್ಶನ್ ಪ್ಯಾಕ್, ಒರಾಕಲ್‌ನ ಜಾವಾ ಎರಡನ್ನೂ ಒಮ್ಮೆ ನೋಡಿಕೊಳ್ಳಿ. ಡೌನ್‌ಲೋಡಿಗೆ ಸಿಗುವುದೆಲ್ಲ ವಾಣಿಜ್ಯ ಬಳಕೆಗೆ ಪುಕ್ಕಟೆಯಲ್ಲ.

"ಪೇಜ್‌ಮೇಕರ್ ಈಗ ಕಂಪನಿಯೇ ಮಾರೋದಿಲ್ಲ, ಅದಕ್ಕೇನು ಲೈಸೆನ್ಸು?" ಈ ಹಳೆಯ ಪುಟವಿನ್ಯಾಸ ಸಾಫ್ಟ್‌ವೇರಿನ ಬಗ್ಗೆ ಕನ್ನಡ ಡಿಟಿಪಿ ಲೋಕದ ಅಚ್ಚುಮೆಚ್ಚಿನ ವಾದ ಇದು. 7.0 ಆವೃತ್ತಿ ಬಂದದ್ದು 2001ರಲ್ಲಿ, ಅದೇ ಕೊನೆಯದು, ನಿಜ. ಆದರೆ ಮಾರಾಟ ನಿಲ್ಲಿಸಿದರೆ ಹಕ್ಕು ಬಿಟ್ಟುಕೊಟ್ಟಂತಲ್ಲ. ಅಂದು ಕೊಂಡ ಸಿಡಿ, ಬಿಲ್ಲು ಇದ್ದವರು ಬಳಸಲಿ. ಇಲ್ಲದವರಿಗೆ ಕಾನೂನು ಒಂದೇ.

ಬ್ಯಾಕಪ್ ಪ್ರತಿಯ ಹೆದರಿಕೆ ಬೇಡ. ಅಸಲಿ ಪ್ರತಿ ಕೊಂಡವರು ಅದು ಹಾಳಾದರೆ ಇರಲಿ ಎಂದು ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳಲು 52ನೇ ಕಲಂ ಅವಕಾಶ ಕೊಟ್ಟಿದೆ. ಆ ಬ್ಯಾಕಪ್ಪನ್ನೇ ಇನ್ನೊಂದು ಯಂತ್ರದಲ್ಲಿ ಹಾಕಿ ಓಡಿಸಲು ಅಲ್ಲ.

4. ತೆಗೆಯುವುದು, ಬದಲಿಸುವುದು, ಕೊಳ್ಳುವುದು

ಇದೇ ಕ್ರಮದಲ್ಲಿ ಮಾಡಿ. ಮೊದಲು, ಯಾರೂ ಬಳಸದ್ದನ್ನೆಲ್ಲ ತೆಗೆಯಿರಿ. "ಇರಲಿ ಬಿಡಿ, ಯಾವತ್ತಾದ್ರೂ ಬೇಕಾಗುತ್ತೆ" ಎಂದು ಹಾಕಿಸಿಕೊಂಡದ್ದೇ ಹೆಚ್ಚು ಇರುತ್ತದೆ. ಇನ್‌ಸ್ಟಾಲ್ ಫೈಲುಗಳಿರುವ ಪೆನ್‌ಡ್ರೈವ್, ಡಿ ಡ್ರೈವಿನ 'ಸಾಫ್ಟ್‌ವೇರ್ಸ್' ಫೋಲ್ಡರ್ ಇವೂ ಹೋಗಲಿ.

ಆಮೇಲೆ ಉಚಿತದಲ್ಲಿ ನಡೆಯುವುದನ್ನು ಬದಲಿಸಿ. ಪತ್ರ, ಪಟ್ಟಿ, ಕೊಟೇಶನ್ನಿಗೆ ಲಿಬ್ರೆಆಫೀಸ್ ಧಾರಾಳ ಸಾಕು. ಪಾಸ್‌ಪೋರ್ಟ್ ಅಳತೆಯ ಫೋಟೊ ಕತ್ತರಿಸಲು ಫೋಟೋಶಾಪ್ ಯಾಕೆ, ಗಿಂಪ್ ಇದೆ. ಲೋಗೊ, ಬ್ಯಾನರಿಗೆ ಇಂಕ್‌ಸ್ಕೇಪ್, ಪುಟವಿನ್ಯಾಸಕ್ಕೆ ಸ್ಕ್ರೈಬಸ್, ಎರಡು ಆಯಾಮದ ನಕ್ಷೆಗೆ ಲಿಬ್ರೆಕ್ಯಾಡ್, ಭೂನಕ್ಷೆಗೆ ಕ್ಯೂಜಿಐಎಸ್, ಮದುವೆ ವಿಡಿಯೊ ಎಡಿಟಿಂಗಿಗೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ. ಕನ್ನಡ ಟೈಪಿಂಗಿಗೆ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ಉಚಿತ. ವಿಂಡೋಸಿನಲ್ಲೇ ಕನ್ನಡ ಕೀಬೋರ್ಡೂ ಇದೆ. ಫಾಂಟುಗಳಿಗೂ ಲೈಸೆನ್ಸ್ ಉಂಟು ಎಂಬುದನ್ನು ನಮ್ಮವರು ಮರೆಯುತ್ತಾರೆ. ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ, ತಿರೋ ಕನ್ನಡ, ಹುಬ್ಬಳ್ಳಿ ಮುಂತಾದವು ಮುಕ್ತ ಲೈಸೆನ್ಸಿನವು, ಜಾಹೀರಾತಿಗೂ ಪುಸ್ತಕಕ್ಕೂ ಯೋಚನೆಯಿಲ್ಲದೆ ಬಳಸಬಹುದು.

ಎಲ್ಲಕ್ಕೂ ಉಚಿತವೇ ಸಾಕು ಎಂದು ನಾನು ಹೇಳಲಾರೆ. ದಿನವಿಡೀ ಆಲ್ಬಮ್ ಮಾಡುವ ಸ್ಟುಡಿಯೊದವರಿಗೆ ಫೋಟೋಶಾಪ್ ಬಿಡಿಸುವುದು ಕಷ್ಟ, ಬಿಡಿಸುವ ಅಗತ್ಯವೂ ಇಲ್ಲ. ಅದನ್ನು ಕೊಳ್ಳಿ, ಆದರೆ ಆ ಒಬ್ಬರ ಯಂತ್ರಕ್ಕೆ ಮಾತ್ರ. ಆರು ಪಿಸಿಗಳಲ್ಲಿ ಕ್ರ್ಯಾಕ್ ಇದ್ದದ್ದರಿಂದ ಆರು ಲೈಸೆನ್ಸ್ ಬೇಕೆಂದಲ್ಲ; ಎರಡನೇ ಹಂತದ 'ಎಷ್ಟು ಬಳಸುತ್ತಾರೆ' ಕಾಲಂ ನೋಡಿದರೆ ಎರಡೇ ಸಾಕಾಗಬಹುದು.

ಲೆಕ್ಕಪತ್ರದ ಸಾಫ್ಟ್‌ವೇರ್ ಮಾತ್ರ ಇವತ್ತೇ ಸರಿಮಾಡಿ. 2023ರ ಏಪ್ರಿಲ್ 1ರಿಂದ ಕಂಪನಿ ಕಾಯ್ದೆಯಡಿ ಬರುವ ಪ್ರತಿ ಕಂಪನಿಯ ಲೆಕ್ಕಪತ್ರ ಸಾಫ್ಟ್‌ವೇರಿನಲ್ಲಿ, ಯಾವ ನಮೂದನ್ನು ಯಾವಾಗ ತಿದ್ದಿದರು ಎಂಬ ದಾಖಲೆ ಉಳಿಯಬೇಕು, ಆ ವ್ಯವಸ್ಥೆಯನ್ನು ಆಫ್ ಮಾಡುವಂತಿರಬಾರದು. ಆಡಿಟರು ತಮ್ಮ ವರದಿಯಲ್ಲಿ ಇದರ ಬಗ್ಗೆ ಹೇಳಲೇಬೇಕು. ಹಳೆಯ ಕ್ರ್ಯಾಕ್ ಪ್ರತಿಯಲ್ಲಿ ಈ ಸೌಲಭ್ಯ ಇರುವುದಿಲ್ಲ. ಅಂದರೆ ನಿಮ್ಮ ಆಡಿಟ್ ವರದಿಯೇ ನಿಮ್ಮ ಮೇಲೆ ಸಾಕ್ಷಿ ಹೇಳುತ್ತದೆ. ಟ್ಯಾಲಿ ಬೆಂಗಳೂರಿನದೇ ಕಂಪನಿ, ಒಬ್ಬರಿಗೆ ಸಿಲ್ವರ್, ಹಲವರಿಗೆ ಗೋಲ್ಡ್ ಎಂದು ಲೈಸೆನ್ಸ್ ಇದೆ. ಲೈಸೆನ್ಸಿಲ್ಲದೆ ತೆರೆದರೆ ಎಜುಕೇಶನಲ್ ಮೋಡ್, ಅದರಲ್ಲಿ ತಿಂಗಳ 1, 2 ಮತ್ತು 31ನೇ ತಾರೀಖಿನ ನಮೂದು ಮಾತ್ರ ಹಾಕಬಹುದು. ಅದರಲ್ಲೇ ಇಡೀ ವರ್ಷದ ವ್ಯವಹಾರವನ್ನು ಒಂದನೇ ತಾರೀಖಿಗೆ ತುರುಕಿ ಲೆಕ್ಕ ಬರೆದುಕೊಂಡವರಿದ್ದಾರೆ, ಅದೊಂದು ಕಲೆ!

ಕೊಳ್ಳುವಾಗ ಕಂಪನಿಯ ಸ್ವಂತ ಜಾಲತಾಣ ಅಥವಾ ಅದು ಹೆಸರಿಸಿದ ಅಧಿಕೃತ ಮಾರಾಟಗಾರರಿಂದಲೇ ಕೊಳ್ಳಿ. ಕೆಲವೇ ನೂರು ರೂಪಾಯಿಗೆ ಸಿಗುವ ವಿಂಡೋಸ್, ಆಫೀಸ್ 'ಕೀ'ಗಳು ಹಲವು ಬಾರಿ ದೊಡ್ಡ ಸಂಸ್ಥೆಗೆ ಕೊಟ್ಟ ಲೈಸೆನ್ಸಿನಿಂದ ಕಿತ್ತು ಮಾರಿದ್ದು. ಆಕ್ಟಿವೇಟ್ ಆಗುತ್ತವೆ, ಲೈಸೆನ್ಸ್ ಆಗುವುದಿಲ್ಲ. ಇನ್‌ವಾಯ್ಸಿನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಹಾಕಿಸಿ. ಶೇ. 18 ತೆರಿಗೆಯನ್ನು ವ್ಯಾಪಾರದ ಬಳಕೆಯಾದ್ದರಿಂದ ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು. ಇನ್ನೂ ವಿಂಡೋಸ್ 10 ಮೇಲಿರುವವರು ನೆನಪಿಡಿ, ಅದಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆ ಯಂತ್ರಗಳಿಗೆ ಹೊಸ ಲೈಸೆನ್ಸಿಗೆ ದುಡ್ಡು ಸುರಿಯುವ ಮೊದಲು ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿ ಒಂದು ವಾರ ನೋಡಿ.

5. ಹಳೆಯ ಫೈಲುಗಳನ್ನು ಉಳಿಸಿಕೊಳ್ಳಿ

ಕ್ರ್ಯಾಕ್ ತೆಗೆದರೆ ಹತ್ತು ವರ್ಷದ ಕೆಲಸ ತೆರೆಯುವುದು ಹೇಗೆ? ಕನ್ನಡದ ಆಫೀಸುಗಳಲ್ಲಿ ಬದಲಾವಣೆ ನಿಲ್ಲುವುದೇ ಈ ಭಯದಿಂದ.

ನಿಮ್ಮ ಫೈಲುಗಳು ನಿಮ್ಮವೇ, ಅವುಗಳ ಬ್ಯಾಕಪ್ ಮೊದಲು ತೆಗೆದುಕೊಳ್ಳಿ. ಆಮೇಲೆ ಬೇಕಾದ ಸಾಫ್ಟ್‌ವೇರಿನ ಒಂದು ತಿಂಗಳ ಚಂದಾ ಒಂದೇ ಯಂತ್ರಕ್ಕೆ ಕಟ್ಟಿ, ಆ ತಿಂಗಳಲ್ಲಿ ಹಳೆಯ ಫೈಲುಗಳನ್ನೆಲ್ಲ ಪಿಡಿಎಫ್, ಟಿಫ್, ಡಿಎಕ್ಸ್‌ಎಫ್‌ನಂಥ ಎಲ್ಲೆಡೆ ತೆರೆಯುವ ರೂಪಕ್ಕೆ ತೆಗೆದಿಡಿ. ಲಿಬ್ರೆಆಫೀಸ್ ಡ್ರಾ ಪೇಜ್‌ಮೇಕರ್ ಮತ್ತು ಕೋರಲ್‌ಡ್ರಾ ಫೈಲುಗಳನ್ನು ತಕ್ಕಮಟ್ಟಿಗೆ ತೆರೆಯುತ್ತದೆ. ವಿನ್ಯಾಸ ಸ್ವಲ್ಪ ಅಲುಗಾಡುತ್ತದೆ, ಪಠ್ಯ ಸಿಗುತ್ತದೆ. ಆ ಪಠ್ಯ ಹಳೆಯ ನುಡಿ ಅಥವಾ ಶ್ರೀಲಿಪಿ ಫಾಂಟಿನಲ್ಲಿದ್ದರೆ ಯೂನಿಕೋಡಿಗೆ ಪರಿವರ್ತಿಸಬೇಕು. ಪರಿವರ್ತಕಗಳು ಸಾಮಾನ್ಯವಾಗಿ ಎಡವುವುದು ಅರ್ಕಾವೊತ್ತಿನಲ್ಲಿ, ಆಮೇಲೆ ಮೂರಕ್ಷರದ ಒತ್ತುಗಳಲ್ಲಿ. 'ಕಾರ್ಯಕ್ರಮ', 'ಶಾಸ್ತ್ರ', 'ರಾಷ್ಟ್ರ' ಸರಿಯಾಗಿ ಬಂದಿದೆಯೇ ನೋಡಿಕೊಂಡರೆ ಮುಕ್ಕಾಲು ಪಾಲು ಗೊತ್ತಾಗುತ್ತದೆ.

ಇಡೀ ಆಫೀಸನ್ನು ಒಂದೇ ದಿನ ಬದಲಿಸಬೇಡಿ. ಒಂದು ಯಂತ್ರ, ಒಂದು ಕೆಲಸ, ಆಮೇಲೆ ಮುಂದಿನದು.

6. ಮತ್ತೆ ಸೇರದಂತೆ ನೋಡಿಕೊಳ್ಳಿ

ನೌಕರರ ಲಾಗಿನ್‌ಗೆ ಅಡ್ಮಿನಿಸ್ಟ್ರೇಟರ್ ಹಕ್ಕು ಕೊಡಬೇಡಿ. ಒಂದು ಪುಟದ ನಿಯಮ ಬರೆದು, ಎಲ್ಲರಿಂದ ಸಹಿ ಪಡೆದು, ತಾರೀಖು ಹಾಕಿ ಇಡಿ. 69ನೇ ಕಲಂ ಕೇಳುವ 'ಎಚ್ಚರಿಕೆ' ಎಂದರೆ ಈ ಹಾಳೆ, ಎರಡನೇ ಹಂತದ ಪಟ್ಟಿ, ಮತ್ತು ಇನ್‌ವಾಯ್ಸುಗಳ ಫೈಲು. ರಿಪೇರಿಗೆ ಹೋದ ಯಂತ್ರ ವಾಪಸು ಬಂದಾಗ ಒಮ್ಮೆ ಪರೀಕ್ಷಿಸಿ. ಕೇಳದೆಯೇ 'ಎಲ್ಲಾ' ಹಾಕಿಕೊಡುವ ಔದಾರ್ಯ ನಮ್ಮ ಅಂಗಡಿಗಳಿಗಿದೆ.

ರಫ್ತು ಮಾಡುವವರಿಗೆ ಒಂದು ಹೆಚ್ಚಿನ ಮಾತು. ಕದ್ದ ಸಾಫ್ಟ್‌ವೇರ್ ಬಳಸಿ ತಯಾರಿಸಿದ ಸರಕನ್ನು ಮಾರುವುದು ಅನ್ಯಾಯದ ಸ್ಪರ್ಧೆ ಎಂಬ ಕಾನೂನು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2011ರಲ್ಲಿ ಬಂತು. 2013ರಲ್ಲಿ ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ಇದೇ ವಾದದ ಮೇಲೆ ಭಾರತದ ಒಂದು ಉಡುಪು ತಯಾರಿಕಾ ಕಂಪನಿಯ ಮೇಲೆ ದಾವೆ ಹೂಡಿದ್ದರು. ಪೀಣ್ಯ, ಬೊಮ್ಮಸಂದ್ರದಿಂದ ಅಂಗಿ ಕಳಿಸುವವರಿಗೂ, ವಿದೇಶಿ ಗಿರಾಕಿಗೆ ಕೋಡ್ ಬರೆಯುವವರಿಗೂ ಒಪ್ಪಂದದಲ್ಲಿ "ಬಳಸುವ ಸಾಫ್ಟ್‌ವೇರೆಲ್ಲ ಲೈಸೆನ್ಸ್ ಪಡೆದದ್ದು" ಎಂಬ ಸಾಲು ಇರುವುದು ಅದಕ್ಕೇ. ಓದದೆ ಸಹಿ ಹಾಕಿದರೆ ಕೃತಿಸ್ವಾಮ್ಯದ ಜೊತೆ ಒಪ್ಪಂದ ಮುರಿದ ಹೊಣೆಯೂ ಬರುತ್ತದೆ.

ಕ್ರ್ಯಾಕಿನ ಜೊತೆ ಬರುವ ಮಾಲ್‌ವೇರ್ ಗಿರಾಕಿಗಳ ಮಾಹಿತಿ ಸೋರಿಸಿದರೆ? ವೈಯಕ್ತಿಕ ಮಾಹಿತಿಗೆ ತಕ್ಕ ಭದ್ರತೆ ಕೊಡದಿದ್ದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 250 ಕೋಟಿ ರೂಪಾಯಿವರೆಗೆ ದಂಡದ ಅವಕಾಶವಿದೆ. ಸಣ್ಣವರಿಗೆ ಅಷ್ಟು ಬೀಳಲಿಕ್ಕಿಲ್ಲ. ಆದರೆ ಆಂಟಿವೈರಸ್ಸನ್ನು ಕೈಯಾರೆ ಆಫ್ ಮಾಡಿದವರು ತಕ್ಕ ಭದ್ರತೆ ಇತ್ತೆಂದು ಯಾರ ಮುಂದೆ ಹೇಳಿಯಾರು?

7. ನೋಟಿಸು ಬಂದರೆ

ಡಿಲೀಟ್ ಮಾಡಬೇಡಿ. ಫಾರ್ಮ್ಯಾಟ್ ಹೊಡೆಯಬೇಡಿ. ಮೊದಲ ಭಯಕ್ಕೆ ಎಲ್ಲರೂ ಮಾಡುವುದು ಅದನ್ನೇ. ನೋಟಿಸು ತಲುಪಿದ ಮೇಲೆ ಅಳಿಸಿದರೆ ಸಾಕ್ಷ್ಯ ನಾಶದ ಆರೋಪ ಬೇರೆ ಸೇರುತ್ತದೆ. ಸಾಕ್ಷ್ಯವಾಗಬಹುದಾದ ಎಲೆಕ್ಟ್ರಾನಿಕ್ ದಾಖಲೆ ನಾಶಪಡಿಸುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 241ನೇ ಕಲಂ ಇದೆ. ಯಾವ ದಿನ ಏನು ಅಳಿಸಿದಿರಿ ಎಂಬುದು ಡಿಸ್ಕಿನಲ್ಲಿ ಗುರುತಾಗಿ ಉಳಿಯುತ್ತದೆ. ಮೇಲಿನ ಹಂತಗಳು ನೋಟಿಸಿಗೆ ಮೊದಲು ಮಾಡುವಂಥವು ಎಂದದ್ದು ಇದಕ್ಕೇ. ಬಳಸುವುದನ್ನು ಮಾತ್ರ ಅಂದೇ ನಿಲ್ಲಿಸಿ.

ಎರಡನೆಯದು, ಕಳಿಸಿದವರು ನಿಜವಾಗಿ ಯಾರು ನೋಡಿ. ಇಮೇಲಿನ ಡೊಮೈನು ಕಂಪನಿಯದೇ? ವಕೀಲರ ಪತ್ರವಾದರೆ ಯಾರ ಪರವಾಗಿ ಎಂದು ಸ್ಪಷ್ಟವಿದೆಯೇ? ಕಂಪನಿಯ ಹೆಸರು ಹೇಳಿ ಯುಪಿಐಗೆ ದುಡ್ಡು ಹಾಕಿ ಎನ್ನುವ ಫೋನು ಮೋಸವೇ. ಯಾರು ಫೋನ್ ಮಾಡಿದರೂ "ಹೌದು, ನಾಲ್ಕು ಯಂತ್ರದಲ್ಲಿದೆ" ಎಂದು ಬಾಯಿಬಿಡಬೇಡಿ, "ಇಲ್ಲವೇ ಇಲ್ಲ" ಎಂದು ಸುಳ್ಳೂ ಹೇಳಬೇಡಿ. ಲಿಖಿತದಲ್ಲಿ ಕಳಿಸಿ ಎಂದರೆ ಸಾಕು. 'ಸ್ವಯಂ ತಪಾಸಣೆ' ಮಾಡಿ ಫಾರಂ ತುಂಬಿ ಕಳಿಸಿ ಎಂಬ ಇಮೇಲಿಗೂ ವಕೀಲರಿಗೆ ತೋರಿಸದೆ ಉತ್ತರಿಸಬೇಡಿ. ಆ ಫಾರಂ ನಾಳೆ ನಿಮ್ಮ ಒಪ್ಪಿಗೆ ಪತ್ರವಾಗುತ್ತದೆ.

ಕೃತಿಸ್ವಾಮ್ಯದ ಕೆಲಸ ಗೊತ್ತಿರುವ ವಕೀಲರನ್ನು ಹಿಡಿಯಿರಿ. ಇಂಥವು ಬಹುಪಾಲು ರಾಜಿಯಲ್ಲಿ ಮುಗಿಯುತ್ತವೆ: ಮುಂದಕ್ಕೆ ಲೈಸೆನ್ಸ್ ಕೊಳ್ಳುವುದು, ಹಿಂದಿನದಕ್ಕೆ ಒಂದು ಮೊತ್ತ, ಮತ್ತೆ ಮಾಡುವುದಿಲ್ಲವೆಂದು ಮುಚ್ಚಳಿಕೆ. ರಾಜಿ ಪತ್ರದಲ್ಲಿ ಎರಡು ಸಾಲು ಇರಲೇಬೇಕು: ಹಿಂದಿನ ಎಲ್ಲ ಬಳಕೆಯ ಬಗ್ಗೆ ಸಿವಿಲ್, ಕ್ರಿಮಿನಲ್ ಯಾವ ಕ್ರಮವೂ ಇಲ್ಲ ಎಂಬುದು, ಯಾವ ಯಂತ್ರಗಳು, ಯಾವ ಆವೃತ್ತಿಗಳು ಎಂಬ ಪಟ್ಟಿ. ಆ ಸಾಲಿಲ್ಲದೆ ಬರೀ ಲೈಸೆನ್ಸ್ ಕೊಂಡರೆ ಹಿಂದಿನ ಬಾಕಿ ತೆರೆದೇ ಇರುತ್ತದೆ.

8. ಬಾಗಿಲಿಗೇ ಬಂದರೆ

ಬರುವವರು ಎರಡು ಬಗೆ. ಒಂದು, ಕೋರ್ಟ್ ನೇಮಿಸಿದ ಕಮಿಷನರ್. ಸಾಫ್ಟ್‌ವೇರ್ ಪ್ರಕರಣಗಳಲ್ಲಿ ಎದುರು ಪಕ್ಷಕ್ಕೆ ಮುಂಚಿತವಾಗಿ ತಿಳಿಸದೆಯೇ ಕಮಿಷನರನ್ನು ಕಳಿಸಬಹುದು, ಏಕೆಂದರೆ ಸಾಕ್ಷ್ಯ ಇರುವುದು ಎದುರು ಪಕ್ಷದ ಕೈಯಲ್ಲೇ ಮತ್ತು ಅದು ಕ್ಷಣದಲ್ಲಿ ಅಳಿಸಿಹೋಗುವಂಥದ್ದು ಎಂದು ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ 2008ರಲ್ಲಿ ಆಟೋಡೆಸ್ಕ್ ಪ್ರಕರಣದಲ್ಲಿ ಮಾರ್ಗಸೂಚಿ ಕೊಟ್ಟಿದೆ. ಆದೇಶದ ಪ್ರತಿ ಕೇಳಿ ಪಡೆದು ಓದಿ. ಯಾವ ವಿಳಾಸ, ಯಾವ ಸಾಫ್ಟ್‌ವೇರ್, ಡಿಸ್ಕ್ ಪ್ರತಿ ಮಾಡಬಹುದೋ ಸೀಲ್ ಮಾಡಬಹುದೋ ಎಲ್ಲ ಅದರಲ್ಲಿರುತ್ತದೆ. ತಡೆಯಬೇಡಿ, ತಡೆದರೆ ನ್ಯಾಯಾಂಗ ನಿಂದನೆ. ವಕೀಲರನ್ನು ಕರೆಸಿಕೊಳ್ಳಿ. ಲೈಸೆನ್ಸ್ ಇರುವ ಯಂತ್ರಗಳ ಇನ್‌ವಾಯ್ಸುಗಳನ್ನು ಅಲ್ಲೇ ಕೊಟ್ಟು ವರದಿಯಲ್ಲಿ ನಮೂದಿಸಲು ಕೇಳಿ. ಕಮಿಷನರರ ಜೊತೆ ಬಂದ ಕಂಪನಿಯವರು ಆದೇಶದಲ್ಲಿಲ್ಲದ ಫೈಲುಗಳನ್ನು, ಗಿರಾಕಿಗಳ ಲೆಕ್ಕಗಳನ್ನು ತೆರೆದರೆ ನಿಮ್ಮ ಆಕ್ಷೇಪವನ್ನು ವರದಿಯಲ್ಲೇ ಬರೆಸಿ.

ಇನ್ನೊಂದು, ಪೊಲೀಸರು. ಎಫ್‌ಐಆರ್ ನಂಬರು ಕೇಳಿ, ಮಹಜರಿನಲ್ಲಿ ಪ್ರತಿ ವಸ್ತುವಿನ ಸೀರಿಯಲ್ ನಂಬರ್ ಬರೆದಿದೆಯೇ ನೋಡಿ, ಓದಿದ ಮೇಲೆಯೇ ಸಹಿ ಹಾಕಿ, ಪ್ರತಿ ಪಡೆಯಿರಿ. ಬ್ಯಾಕಪ್ ಬೇರೆ ಕಡೆ ಇದ್ದವರ ಆಫೀಸು ಮಾರನೇ ದಿನ ತೆರೆಯುತ್ತದೆ.

9. ನೀವು ಮಾಲೀಕರಲ್ಲ, ನೌಕರರು ಎಂದಾದರೆ

63ಬಿ ಹೇಳುವುದು 'ಬಳಸುವ ಯಾವುದೇ ವ್ಯಕ್ತಿ' ಎಂದು. ಸಂಬಳಕ್ಕೆ ಕೂತು ಕ್ರ್ಯಾಕ್ ಫೋಟೋಶಾಪ್ ತೆರೆಯುವವರೂ ಆ ಪದದೊಳಗೇ ಬರುತ್ತಾರೆ. ಕಂಪನಿಗಳು ಸಾಮಾನ್ಯವಾಗಿ ಬೆನ್ನುಹತ್ತುವುದು ಮಾಲೀಕರನ್ನೇ, ಆದರೂ ಸಿಸ್ಟಂ ಅಡ್ಮಿನ್ ಆಗಿದ್ದು ಕೈಯಾರೆ ಹಾಕಿದವರು ಹೆಚ್ಚು ಹುಷಾರಾಗಿರಬೇಕು.

ಬಾಯಿಮಾತಿನಲ್ಲಿ ಹೇಳಿ ಬಿಡಬೇಡಿ, ಆಫೀಸಿನ ಇಮೇಲಿನಿಂದಲೇ ಎರಡು ಸಾಲು ಬರೆಯಿರಿ. ದೂರಿನ ದನಿ ಬೇಡ, ಹೀಗಿದ್ದರೆ ಸಾಕು: "ಸಾರ್, ನನಗೆ ಕೊಟ್ಟಿರುವ ಕಂಪ್ಯೂಟರಿನಲ್ಲಿರುವ ಕೋರಲ್‌ಡ್ರಾಗೆ ಲೈಸೆನ್ಸ್ ಇರುವಂತೆ ಕಾಣುತ್ತಿಲ್ಲ. ಲೈಸೆನ್ಸ್ ತರಿಸಿಕೊಡುವಿರಾ, ಅಥವಾ ಈ ಕೆಲಸವನ್ನು ಇಂಕ್‌ಸ್ಕೇಪಿನಲ್ಲಿ ಮಾಡಲು ಒಪ್ಪಿಗೆ ಕೊಡುವಿರಾ ತಿಳಿಸಿ." ಈ ಪತ್ರ ಬಂದ ಮೇಲೆ ಮಾಲೀಕರು ಗೊತ್ತಿರಲಿಲ್ಲ ಎನ್ನಲಾಗದು, ಅದು ಅವರಿಗೂ ತಿಳಿದಿರುತ್ತದೆ, ಹಾಗಾಗಿ ಬಹಳ ಸಲ ಕೆಲಸ ಆಗುತ್ತದೆ. ಉತ್ತರ ಬರುವವರೆಗೆ ಆ ಸಾಫ್ಟ್‌ವೇರ್ ತೆರೆಯಬೇಡಿ. ಗೊತ್ತಿದೆ ಎಂದು ನೀವೇ ಬರೆದುಕೊಟ್ಟ ಮೇಲೆ ಬಳಸಿದರೆ ಪತ್ರ ನಿಮಗೇ ತಿರುಗುತ್ತದೆ. ಸ್ವಂತ ಲ್ಯಾಪ್‌ಟಾಪಿನಲ್ಲಿ ಆಫೀಸು ಕೆಲಸ ಮಾಡುವವರಾದರೆ ಅದರಲ್ಲಿರುವ ಸಾಫ್ಟ್‌ವೇರಿನ ಹೊಣೆ ಯಾರದು ಎಂಬುದನ್ನೂ ಬರೆಸಿಕೊಳ್ಳಿ. ಷೇರುಪೇಟೆಯಲ್ಲಿ ಪಟ್ಟಿಯಾದ ಕಂಪನಿಗಳಲ್ಲಿ ಇಂಥ ವಿಷಯ ಹೇಳಲು ಕಂಪನಿ ಕಾಯ್ದೆಯ 177ನೇ ಕಲಮಿನಡಿ ವಿಜಿಲ್ ಮೆಕ್ಯಾನಿಸಂ ಎಂಬ ದೂರು ವ್ಯವಸ್ಥೆ ಇರಲೇಬೇಕು. ಮೇಲಿನವರು ಕಿವಿಗೊಡದಿದ್ದರೆ ಆಡಿಟ್ ಸಮಿತಿಯ ಅಧ್ಯಕ್ಷರಿಗೆ ನೇರವಾಗಿ ಬರೆಯುವ ದಾರಿ ಅದರಲ್ಲಿದೆ.